ಹೆಲ್ಸಿಂಕಿಯಲ್ಲಿ ಸಿಕ್ಕ ‘ಓದಿ’

ಅಕ್ಟೋಬರ್‌ನಲ್ಲಿ ಒಬ್ಬಳೇ ಹೋಗಿದ್ದೆ. ಡೆನ್ಮಾರ್ಕ್‌ನ ಕೋಪನ್‌ಹೇಗನ್‌ನಲ್ಲಿ ಎರಡು ದಿನ, ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ ಮೂರು ದಿನ. ಕೋಪನ್‌ಹೇಗನ್‌ನ ಮತ್ಸ್ಯಕನ್ಯೆ ಪ್ರತಿಮೆ ತುಂಬಾ ಚಿಕ್ಕದು, ಮುಂದೆ ಸಿಕ್ಕಾಪಟ್ಟೆ ಜನ. ಅದಕ್ಕಂತಲೇ ಅಷ್ಟು ದೂರ ನಡೆಯಬೇಕಿಲ್ಲ. ಸ್ಟಾಕ್‌ಹೋಮ್‌ನ ವಾಸಾ ಹಡಗನ್ನು ಮಾತ್ರ ಬಿಡಬೇಡಿ. 1628ರಲ್ಲಿ ಮೊದಲ ಸಲ ಹೊರಟಾಗಲೇ ಬಂದರಿನೊಳಗೆ ಮುಳುಗಿದ ಹಡಗು ಅದು. 1961ರಲ್ಲಿ ಮೇಲೆತ್ತಿದರು. ಮರ ಕೊರೆಯುವ ಹುಳು ಅಲ್ಲಿನ ಉಪ್ಪು ಕಮ್ಮಿ ಇರುವ ನೀರಲ್ಲಿ ಬದುಕಲ್ಲವಂತೆ. ಹಾಗಾಗಿ 333 ವರ್ಷ ನೀರಲ್ಲಿದ್ದರೂ ಕೆತ್ತನೆಯ ಸಿಂಹಗಳು ಉಳಿದಿವೆ.

ಒಂದು ಮಾತು. ಸ್ವೀಡನ್‌ಗೆ ಹೋಗುವವರು ನಗದು ಹೊತ್ತುಕೊಂಡು ಹೋಗಬೇಡಿ. ನಾನು ಊರಲ್ಲೇ ಕ್ರೋನಾ ನೋಟು ಬದಲಾಯಿಸಿಕೊಂಡು ಹೋಗಿದ್ದೆ. ಮಳೆಯಲ್ಲಿ ನೆನೆದು, ಹಸಿದು ಒಂದು ಕೆಫೆಗೆ ಹೋದರೆ ಸೂಪ್ ಬಡಿಸಿದ ಮೇಲೆ ‘ಕಾರ್ಡ್ ಮಾತ್ರ’ ಅಂದರು. ನನ್ನ ಕಾರ್ಡ್ ಹಾಸ್ಟೆಲ್‌ನಲ್ಲಿತ್ತು. ತಟ್ಟೆ ವಾಪಸ್ ಹೋಯಿತು. ಈಗಲೂ ನೆನೆಸಿಕೊಂಡರೆ ಸಂಕಟ ಆಗುತ್ತದೆ. ಉಳಿದ ನೋಟು ಫಿನ್ಲೆಂಡಿನಲ್ಲೂ ನಡೆಯಲ್ಲ, ಅಲ್ಲಿ ಯೂರೋ.

ರಾತ್ರಿ ಹಡಗು ಹತ್ತಿ ಬೆಳಿಗ್ಗೆ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಇಳಿದೆ. ಮತ್ತೆ ಮಳೆ. ರೈಲು ನಿಲ್ದಾಣದ ಹತ್ತಿರ ಒಂದು ದೊಡ್ಡ ಲೈಬ್ರರಿ ಇದೆ ಅಂತ ಗೊತ್ತಿತ್ತು. ಸುಮ್ನೆ ಬೆಚ್ಚಗೆ ಕೂರೋಣ ಅಂತ ಹೋದೆ. ಗುರುತಿನ ಚೀಟಿ ಕೇಳಲಿಲ್ಲ, ಯಾಕೆ ಬಂದಿರಿ ಅಂತಲೂ ಕೇಳಲಿಲ್ಲ.

ಎರಡನೇ ಮಹಡಿಯಲ್ಲಿ ಪುಸ್ತಕಕ್ಕೆ ಬದಲು ಹೊಲಿಗೆ ಮಷಿನ್‌ಗಳ ಸದ್ದು! ಯಾರು ಬೇಕಾದರೂ ಬಂದು ಹೊಲಿದುಕೊಳ್ಳಬಹುದು. ಎಪ್ಪತ್ತು ದಾಟಿದ ಒಬ್ಬ ಅಜ್ಜಿ ಪುಟ್ಟ ನೀಲಿ ಜಾಕೆಟ್‌ನ ತೋಳಿಗೆ ಬೆಳ್ಳಿ ಬಣ್ಣದ ಪಟ್ಟಿ ಹೊಲಿಯುತ್ತಿದ್ದರು. ಚಳಿಗಾಲದ ಕತ್ತಲಲ್ಲಿ ಕಾರಿನ ಬೆಳಕು ಬಿದ್ದರೆ ಅದು ಹೊಳೆಯುತ್ತದೆ. ಮೊಮ್ಮಗನ ಜಾಕೆಟ್ ಅದು. ನನ್ನ ಅಮ್ಮನೂ ಹೀಗೇ ಬಟ್ಟೆಯನ್ನು ಎಡಗೈಯಲ್ಲಿ ಒತ್ತಿಕೊಂಡು, ತುಟಿ ಕಚ್ಚಿ ಹೊಲಿಯುತ್ತಾಳೆ. ಅಲ್ಲೇ ನಿಂತುಬಿಟ್ಟೆ.

‘ಊಡಿ ಚೆನ್ನಾಗಿದೆ’ ಅಂದೆ. ಇಂಗ್ಲಿಷ್ ಅಕ್ಷರ ನೋಡಿ ಲೈಬ್ರರಿಯ ಹೆಸರು ಹಾಗೆ ಅಂದುಕೊಂಡಿದ್ದೆ. ಅಜ್ಜಿ ಮಷಿನ್ ನಿಲ್ಲಿಸಿ ತಿದ್ದಿದರು. ‘ಊ ಅಲ್ಲ, ಓ. ಓದಿ.’

ನನಗೆ ಮೈ ಜುಮ್ಮೆಂದಿತು. ಇನ್ನೊಂದು ಸಲ ಹೇಳಿ ಅಂದೆ. ‘ಓ-ದಿ.’ ಫಿನ್ನಿಶ್‌ನಲ್ಲಿ ಅದರ ಅರ್ಥ ನಾವು ಪ್ರಗಾಥ ಅನ್ನುತ್ತೇವಲ್ಲ, ಹೊಗಳಿ ಹಾಡುವ ಕವಿತೆ, ಅದು. ನನ್ನ ಭಾಷೆಯಲ್ಲಿ ಏನರ್ಥ ಅಂತ ಅವರಿಗೆ ಹೇಳಿದೆ: ದೊಡ್ಡವರಿಗೆ ಮರ್ಯಾದೆಯಿಂದ ‘ಪುಸ್ತಕ ಓದಿ’ ಅನ್ನುವಾಗ ಬರುವ ಮಾತು ಅಂತ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. ‘ಲೈಬ್ರರಿಗೆ ಇದೇ ಹೆಸರಾ?’ ಅಂತ ನಕ್ಕರು. ಬರೆದು ತೋರಿಸು ಅಂತ ಚೀಟಿ ಕೊಟ್ಟರು.

ಅರ್ಧ ಗಂಟೆ ಮಾತಾಡಿದೆವು. ಫಿನ್ಲೆಂಡಿಗೆ ಸ್ವಾತಂತ್ರ್ಯ ಬಂದು ನೂರು ವರ್ಷವಾದ ನೆನಪಿಗೆ ದೇಶ ತನಗೆ ತಾನೇ ಕೊಟ್ಟುಕೊಂಡ ಉಡುಗೊರೆ ಇದು, 2018ರ ಡಿಸೆಂಬರ್‌ನಲ್ಲಿ ತೆರೆಯಿತು ಅಂದರು. ‘ಮೇಲಿನ ಬಾಲ್ಕನಿಗೆ ಹೋಗು. ಎದುರಿಗೆ ಪಾರ್ಲಿಮೆಂಟ್ ಕಾಣುತ್ತೆ. ಅದರ ಬಾಗಿಲು, ನಮ್ಮ ಬಾಲ್ಕನಿ ಎರಡೂ ಒಂದೇ ಎತ್ತರ. ಬೇಕಂತಲೇ ಹಾಗೆ ಕಟ್ಟಿದ್ದು.’ ಇದನ್ನು ಹೇಳುವಾಗ ಅವರ ಬೆನ್ನು ನೆಟ್ಟಗಾಗಿತ್ತು.

ಆಮೇಲೆ ನನ್ನ ಅಕ್ಷರದ ಕೆಳಗೆ ತಾವೂ ಬರೆದರು. ‘ದಿ’ ಸುಲಭವಾಗಿ ಬಂತು. ‘ಓ’ದ ಸುರುಳಿ ಮೂರು ಸಲ ತಪ್ಪಿತು, ನಾಲ್ಕನೇ ಸಲ ಸರಿಯಾಯಿತು. ಚೀಟಿಯನ್ನು ಮಡಿಸಿ ಜಾಕೆಟ್‌ನ ಒಳಜೇಬಿಗೆ ಹಾಕಿ ಜಿಪ್ ಎಳೆದರು.

‘ಅವನಿಗೇ ಸಿಗಲಿ’ ಅಂದು ಇನ್ನೊಂದು ತೋಳನ್ನು ಮಷಿನ್ ಕೆಳಗೆ ಇಟ್ಟರು.