ಹಲಸಿನ ಮೇಣ ಮತ್ತು ನೀತಿಶಾಸ್ತ್ರದ ತರಗತಿ

ನಮಗೆ ತತ್ತ್ವಶಾಸ್ತ್ರ ಕಲಿಸಿದ ಮೇಷ್ಟ್ರು ಕಳೆದ ಆಷಾಢದಲ್ಲಿ ತೀರಿಕೊಂಡರು. ಸಾಗರದ ಕಡೆಯಿಂದ ಬಂದು 1986ರಲ್ಲಿ ಶಿವಮೊಗ್ಗದ ಈ ಕಾಲೇಜು ಸೇರಿದ ನನಗೆ ಅಂದಿನ ಪಠ್ಯವೆಲ್ಲ ಮರೆತಿದೆ. ಅವರ ನೀತಿಶಾಸ್ತ್ರದ ಕೆಲವು ತರಗತಿಗಳು ಮಾತ್ರ ಹೆಂಚಿನ ಮೇಲಿನ ಮಳೆಯ ಸದ್ದಿನ ಸಮೇತ ಉಳಿದಿವೆ.

ಒಂದು ರಾತ್ರಿ ನಾವು ಆರು ಜನ ಹಾಸ್ಟೆಲಿನ ಪಕ್ಕದ ತೋಟಕ್ಕೆ ನುಗ್ಗಿ ಬಕ್ಕೆ ಹಲಸೊಂದನ್ನು ಕಿತ್ತು ತಿಂದೆವು. ವಾರ್ಡನ್ ವಿಚಾರಿಸಿದಾಗ ಗೆಳೆಯನೊಬ್ಬ ನಮ್ಮನ್ನು ಉಳಿಸಲು ಸುಳ್ಳು ಹೇಳಿದ. ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜಿದರೂ ಮೇಣ ಪೂರ್ತಿ ಹೋಗಿರಲಿಲ್ಲ. ತರಗತಿಯಲ್ಲಿ ನೋಟ್‌ಬುಕ್ಕಿನ ಹಾಳೆ ನನ್ನ ಬೆರಳಿಗೆ ಅಂಟಿಕೊಂಡು ಮೇಲೆದ್ದಿತು. ಮೇಷ್ಟ್ರು ಬೈಯಲಿಲ್ಲ. ಬೋರ್ಡಿಗೆ ತಿರುಗಿ ‘ಹಲಸು’ ಎಂದು ಬರೆದರು.

“ತತ್ತ್ವಜ್ಞಾನಿ ಬೆಂಥಾಮ್ ನಿಮ್ಮ ಪರ ನಿಂತಾನು. ಆರು ಹೊಟ್ಟೆ ತುಂಬಿತು, ತೋಟದವರಿಗೆ ಗೊತ್ತೂ ಆಗಲಿಲ್ಲ” ಎಂದು ಆರಂಭಿಸಿ, ಒಡೆಯನ ಸುಖವನ್ನೂ ಆಳಿನ ಸುಖವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದೇ, ಹೆಚ್ಚು ಜನರಿಗೆ ಹೆಚ್ಚು ಸುಖ ತರುವುದೇ ಸರಿ ಎನ್ನುವ ಅವನ ಉಪಯುಕ್ತತಾವಾದದ ದೊಡ್ಡ ಬಲ ಎಂದು ವಿವರಿಸಿದರು. ಆಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಕಾಲಕ್ಕೆ ಮನೆ, ಗದ್ದೆ ಎರಡನ್ನೂ ಶರಾವತಿಯ ಹಿನ್ನೀರಿಗೆ ಬಿಟ್ಟುಬಂದ ಕುಟುಂಬ ಅವನದು. “ನಾಡಿಗೆಲ್ಲ ದೀಪ ಬಂತು ಸಾರ್. ನಮ್ಮಜ್ಜಿ ಸಾಯುವವರೆಗೂ ಚಿಮಣಿ ಬುಡ್ಡಿಯಲ್ಲೇ ಇದ್ದಳು” ಎಂದ. ಮೇಷ್ಟ್ರು ಚಾಕ್‌ಪೀಸ್ ಕೆಳಗಿಟ್ಟು ಬಹಳ ಹೊತ್ತು ಸುಮ್ಮನಿದ್ದರು. ಕೂಡಿಸಿದ ಮೊತ್ತದಲ್ಲಿ, ಯಾರಿಂದ ಕಳೆದೆವು ಎಂಬುದು ಕಾಣಿಸುವುದಿಲ್ಲ ಎಂದು ಆಮೇಲೆ ಹೇಳಿದರು.

ಮನುಷ್ಯನನ್ನು ಬರಿಯ ಸಾಧನವಾಗಿ ಬಳಸಬಾರದೆಂದು 1785ರಲ್ಲಿ ಬರೆದ ಜರ್ಮನ್ ತತ್ತ್ವಜ್ಞಾನಿ ಕಾಂಟ್, ಆ ಅಜ್ಜಿಯ ಪರವಾಗಿ ಮಾತಾಡಬಲ್ಲವನಾಗಿದ್ದ. ಆದರೆ ಅದೇ ಕಾಂಟ್ 1797ರಲ್ಲಿ, ಗೆಳೆಯನನ್ನು ಕೊಲ್ಲಲು ಹುಡುಕಿ ಬಂದವನಿಗೂ ಸುಳ್ಳು ಹೇಳಕೂಡದೆಂದು ವಾದಿಸಿದ್ದನ್ನು ಕೇಳಿ ನಾವು ದಂಗಾದೆವು. ಆ ಬಿಗಿತ ನನಗೆ ಇಂದಿಗೂ ಒಪ್ಪಿಗೆಯಾಗಿಲ್ಲ. ಅರಿಸ್ಟಾಟಲ್ ಹಣ್ಣಿನ ಲೆಕ್ಕವನ್ನಾಗಲಿ ನಿಯಮವನ್ನಾಗಲಿ ಮೊದಲು ಕೇಳುವುದಿಲ್ಲ, ಕಿತ್ತವನು ಎಂಥವನಾಗುತ್ತಿದ್ದಾನೆ ಎಂದು ಕೇಳುತ್ತಾನೆ ಎಂದರು ಮೇಷ್ಟ್ರು. ಸದ್ಗುಣಿಯು ಮಾಡುವುದನ್ನೇ ಮಾಡು ಎಂಬ ಉತ್ತರ, ದಾರಿ ತಿಳಿಯದೆ ನಿಂತವನಿಗೆ ಸಾಲುವುದಿಲ್ಲ ಎಂಬುದನ್ನೂ ಅವರು ಮುಚ್ಚಿಡಲಿಲ್ಲ.

ಇಂದು ಮಕ್ಕಳು ಇದೇ ವಿಷಯವನ್ನು ಗುಣ–ದೋಷಗಳ ಎರಡು ಕಾಲಂ ಮಾಡಿ ಐದು ಅಂಕಕ್ಕೆ ಬಾಯಿಪಾಠ ಮಾಡುವುದನ್ನು ಕಂಡಾಗ ಸಂಕಟವಾಗುತ್ತದೆ. ಮುಂದೆ ನಾನು ಭೂಸ್ವಾಧೀನದ ಕೆಲಸಕ್ಕೆ ಬಂದೆ. ರಸ್ತೆಗಾಗಿ ಜಮೀನು ಬಿಡಬೇಕಾದ ಪ್ರತಿಯೊಂದು ಮನೆಯ ಜಗುಲಿಯಲ್ಲಿ ಕುಳಿತು ಮಾತಾಡದೆ ಒಂದು ನೋಟಿಸಿಗೂ ಸಹಿ ಹಾಕಲಿಲ್ಲವೆಂದು ಹೆಮ್ಮೆಯಿಂದ ಹೇಳಬಲ್ಲೆ. ಅದರ ಹಿಂದಿದ್ದುದು ಆ ಚಿಮಣಿ ಬುಡ್ಡಿ.

ಕೊನೆಯ ಸಲ ಭೇಟಿಯಾದಾಗ ಮೇಷ್ಟ್ರು, “ಆ ತೋಟದವರಿಗೆ ಹೇಳಿದೆಯೇನೋ?” ಎಂದು ಕೇಳಿದರು. ಆ ತರಗತಿ ನಡೆದ ದಿನ ಸಂಜೆಯೇ ಹೋಗಿ ಹೇಳಿದ್ದೆ. ತೋಟದ ಅಮ್ಮ ಗದರಿಸದೆ, “ಬೀಜ ಎಲ್ಲಿ ಬಿಸಾಡಿದಿರಿ?” ಎಂದಷ್ಟೇ ಕೇಳಿದ್ದರು. ಮಳೆಗಾಲದ ಸಾರಿಗೆ ಅವರು ಕೂಡಿಡುತ್ತಿದ್ದ ಬೀಜಗಳವು. ನಾವು ಆರೂ ಜನ ಹಾಸ್ಟೆಲಿನ ಹಿಂದಿನಿಂದ ಅವನ್ನು ಆರಿಸಿ, ಕೆಸರು ತೊಳೆದು, ಅವರ ಜಗುಲಿಯ ಮೇಲೆ ಒಣಗಲು ಹರಡಿ ಬಂದಿದ್ದೆವು.