ಹಿಮದ ಮೇಲೆ ಕಂಡ ಗೆರೆ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಉತ್ತರ ಭಾಗದಲ್ಲಿರುವ ನಮ್ಮ ಮನೆಯನ್ನು ಬೆಚ್ಚಗಿಡುವ ಒಲೆ ಮನೆಯೊಳಗಿಲ್ಲ. ಮನೆಯಿಂದ ಸುಮಾರು 30 ಮೀಟರ್ ದೂರದಲ್ಲಿ, ಹಿತ್ತಲಿನ ತಗಡಿನ ಗೂಡೊಂದರಲ್ಲಿದೆ. ಮಲೆನಾಡಿನ ಬಚ್ಚಲುಮನೆಯ ಹಂಡೆಯನ್ನು ಬಲ್ಲವರಿಗೆ ಇದರ ತತ್ತ್ವ ಹೊಸದಲ್ಲ. ಉಕ್ಕಿನ ಬೆಂಕಿಗೂಡಿನ ಸುತ್ತಲೂ ತುಂಬಿದ ನೀರು ಸುಮಾರು 80 ಡಿಗ್ರಿ ಸೆಲ್ಸಿಯಸ್‌ಗೆ ಕಾಯುತ್ತದೆ. ಪಂಪು ಅದನ್ನು ನೆಲದಡಿಯ ಕೊಳವೆಯಲ್ಲಿ ಮನೆಗೆ ತರುತ್ತದೆ. ಅಲ್ಲಿ ತನ್ನ ಶಾಖವನ್ನು ಗಾಳಿಗೆ ಕೊಟ್ಟ ನೀರು ಮತ್ತೆ ಒಲೆಗೆ ಮರಳುತ್ತದೆ. ಹೊಗೆ, ಬೂದಿ, ಕಿಡಿಯ ಭಯ ಹೊರಗೇ ಉಳಿಯುತ್ತವೆ.

ಮೊದಲ ಚಳಿಗಾಲದಲ್ಲಿ ಎಷ್ಟು ಸೌದೆ ಹಾಕಿದರೂ ಸಾಲುತ್ತಿರಲಿಲ್ಲ. ಒಲೆಯಲ್ಲೇ ದೋಷವಿದೆಯೆಂದು ನಾನು ತಿಂಗಳುಗಟ್ಟಲೆ ನಂಬಿದ್ದೆ. ಒಂದು ಬೆಳಿಗ್ಗೆ, ರಾತ್ರಿಯಿಡೀ ಹಿಮ ಬಿದ್ದ ಮೇಲೆ ಕಿಟಕಿಯಿಂದ ನೋಡಿದಾಗ, ಒಲೆಯಿಂದ ಮನೆಯ ಗೋಡೆಯವರೆಗೆ ಹಿಮ ಕರಗಿ ಕಪ್ಪು ನೆಲ ಒಂದೇ ಗೆರೆಯಾಗಿ ಕಾಣುತ್ತಿತ್ತು. ಕೊಳವೆಗಳಿಗೆ ಸುತ್ತಿದ್ದ ತೆಳುವಾದ ಹೊದಿಕೆಯೊಳಗೆ ಅಂತರ್ಜಲ ನುಗ್ಗಿ, ನಾವು ಕಡಿದು, ಸೀಳಿ, ಹೊತ್ತು ತಂದ ಸೌದೆಯ ಶಾಖ ಮಣ್ಣಿನ ಪಾಲಾಗುತ್ತಿತ್ತು. ಬೇಸಿಗೆಯಲ್ಲಿ ನೆಲ ಅಗೆಸಿ, ಸುತ್ತಲೂ ದಪ್ಪನೆಯ ಗಟ್ಟಿ ಫೋಮ್ ತುಂಬಿದ, ನೀರು ಒಳಹೋಗದ ಕೊಳವೆಯನ್ನು ಹಾಕಿಸಿದೆವು. ಮುಂದಿನ ಚಳಿಗಾಲದಲ್ಲಿ ಆ ಗೆರೆ ಮೂಡಲಿಲ್ಲ. ಇಂಥ ಒಲೆ ಕೊಳ್ಳುವವರು ಒಲೆಗಿಂತ ಮೊದಲು ಕೊಳವೆಯ ಬಗ್ಗೆ ವಿಚಾರಿಸಬೇಕೆಂದು ನಾನು ಹೇಳುವುದು ಇದಕ್ಕಾಗಿಯೇ.

ನಮ್ಮ ಒಲೆಯಲ್ಲಿ ಸೌದೆಯನ್ನೂ ಕಲ್ಲಿದ್ದಲನ್ನೂ ಉರಿಸಬಹುದು. ಬೆಂಕಿ ಆರಿದರೆ ತೈಲದ ಬರ್ನರ್ ತಾನಾಗಿ ಹೊತ್ತಿಕೊಳ್ಳುತ್ತದೆ. ಸೌದೆ ತನ್ನದೇ ಬೂದಿಯ ಮೇಲೆ ಚೆನ್ನಾಗಿ ಉರಿಯುತ್ತದೆ, ಕಲ್ಲಿದ್ದಲಿಗೆ ಮಾತ್ರ ಕೆಳಗಿನಿಂದ ಗಾಳಿ ಬೇಕು. ಹಲವು ಇಂಧನಗಳ ಒಲೆಯೆಂದರೆ ಸಿಕ್ಕಿದ್ದನ್ನೆಲ್ಲ ಸುಡುವ ಒಲೆಯಲ್ಲ: ಬಣ್ಣ ಬಳಿದ ಹಲಗೆ, ಪ್ಲಾಸ್ಟಿಕ್, ಆರ್ಸೆನಿಕ್‌ನಿಂದ ಸಂಸ್ಕರಿಸಿದ ಹಳೆಯ ಮರ ಇವನ್ನು ಎಂದಿಗೂ ಹಾಕಬಾರದು.

ಆಗತಾನೇ ಕಡಿದ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರೇ ಇರಬಹುದು, ಆ ನೀರು ಆವಿಯಾಗುವುದಕ್ಕೇ ಬೆಂಕಿಯ ಶಕ್ತಿಯ ಒಂದಷ್ಟು ಪಾಲು ವ್ಯಯವಾದೀತು. ತೇವಾಂಶ ಶೇ. 20ಕ್ಕಿಂತ ಕೆಳಗಿಳಿಯುವವರೆಗೆ ನಾವು ಕಾಯುತ್ತೇವೆ. ಓಕ್ ಮರಕ್ಕೆ ಎರಡು ಬೇಸಿಗೆಗಳು ಬೇಕಾಗುತ್ತವೆ.

ನನ್ನನ್ನು ಈಗಲೂ ಕಾಡುವುದು ಹೊಗೆ. ಮನೆಗೆ ಶಾಖ ಬೇಡವಾದಾಗ ಒಲೆಯ ಗಾಳಿಬಾಗಿಲು ಮುಚ್ಚಿಕೊಂಡು, ಬೆಂಕಿ ಉಸಿರುಗಟ್ಟಿ ಹೊಗೆಯಾಡುತ್ತದೆ. ಗಿಡ್ಡ ಚಿಮಣಿಯಿಂದ ಹೊರಟ ಆ ಹೊಗೆ ಮೇಲೇರದೆ ಪಕ್ಕದ ಮನೆಯ ಅಂಗಳಕ್ಕೆ ಇಳಿಯುತ್ತದೆ. ಹೊಸ ಒಲೆಗಳ ಹೊಗೆಗೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2015ರಲ್ಲಿ ಮಿತಿ ವಿಧಿಸಿ, 2020ರಿಂದ ಅದನ್ನು ಇನ್ನಷ್ಟು ಬಿಗಿಗೊಳಿಸಿತು. ನಮ್ಮದು ಅದಕ್ಕೂ ಹಳೆಯದು. ಆದ್ದರಿಂದ ಚಳಿ ತಗ್ಗಿದ ಕೂಡಲೇ ಸೌದೆ ಹಾಕುವುದನ್ನು ನಿಲ್ಲಿಸಿ ತೈಲಕ್ಕೆ ಬದಲಾಯಿಸುತ್ತೇನೆ, ಬೇಸಿಗೆಯಲ್ಲಿ ಬರೀ ಸ್ನಾನದ ನೀರಿಗಾಗಿ ಒಲೆಯನ್ನು ಹೊತ್ತಿಸುವುದಿಲ್ಲ. ಇದರ ಆಯುಸ್ಸು ಮುಗಿದ ಮೇಲೆ, ಒಮ್ಮೆಗೇ ಪೂರ್ಣವಾಗಿ ಉರಿದು ಶಾಖವನ್ನು ದೊಡ್ಡ ನೀರಿನ ತೊಟ್ಟಿಯಲ್ಲಿ ಕೂಡಿಡುವ ಬಗೆಯ ಒಲೆಯನ್ನು ತರಬೇಕೆಂದು ನಾನು, ನನ್ನ ಪತ್ನಿ ನಿರ್ಧರಿಸಿದ್ದೇವೆ.