"ಯೇಸುಸ್ವಾಮಿನ ಬಿಟ್ಟು ಇನ್ನು ಯಾರು, ಬ್ರದರ್?"

ಯೇಸು ಅಂತ ಹೇಳಿ ತಪ್ಪಿಸಿಕೊಳ್ಳೋಣ ಅಂದರೆ, ಕೇಳುವವರು ಆ ಬಾಗಿಲನ್ನು ಮೊದಲೇ ಹಾಕಿಬಿಟ್ಟಿರುತ್ತಾರೆ. "ಯೇಸುಸ್ವಾಮಿನ ಬಿಟ್ಟು ಹೇಳಿ ಬ್ರದರ್, ನಿಮ್ಮ ರೋಲ್ ಮಾಡೆಲ್ ಯಾರು? ನಮ್ಮ ಮಕ್ಕಳಿಗೆ ಯಾರನ್ನ ತೋರಿಸಬೇಕು? ಐದಾರು ಹೆಸರು ಕೊಟ್ರೆ ಸಾಕು."

ಚರ್ಚಿನ ಯೂತ್ ಮೀಟಿಂಗ್ ನೋಡಿಕೊಳ್ಳುತ್ತೇನೆ ಅನ್ನುವ ಒಂದೇ ತಪ್ಪಿಗೆ ಈ ಪ್ರಶ್ನೆ ನನಗೆ ಆರಾಧನೆ ಮುಗಿಸಿ ಚಪ್ಪಲಿ ಹುಡುಕುವಾಗ ಬಂದಿದೆ, ಮದುವೆ ಊಟದಲ್ಲಿ ಪಾಯಸಕ್ಕೆ ಕೈ ಹಾಕಿದಾಗ ಬಂದಿದೆ, ಒಮ್ಮೆಯಂತೂ ಸಮಾಧಿಗೆ ಮಣ್ಣು ಹಾಕಿ ಕೈ ತೊಳೆಯುತ್ತಿದ್ದಾಗಲೂ ಬಂದಿದೆ. ಇನ್ನು ಬಾಯಲ್ಲಿ ಹೇಳಲ್ಲ. ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಪಟ್ಟಿ ನನ್ನ ಹತ್ತಿರ ಇತ್ತು ರೀ. ಮೊದಲನೇ ಹೆಸರು ರವಿ ಜಕರಾಯಸ್. ಮದ್ರಾಸಿನಲ್ಲಿ ಹುಟ್ಟಿ, ದೆಹಲಿಯಲ್ಲಿ ಬೆಳೆದು, ವಿದೇಶದ ದೊಡ್ಡ ದೊಡ್ಡ ಯೂನಿವರ್ಸಿಟಿಗಳಲ್ಲಿ ನಾಸ್ತಿಕರ ಪ್ರಶ್ನೆಗೆ ನಿಂತಲ್ಲೇ ಉತ್ತರ ಕೊಡುತ್ತಿದ್ದ ಮನುಷ್ಯ. ನಮ್ಮವರೊಬ್ಬರು ಅಲ್ಲಿ ಮಾತಾಡುತ್ತಿದ್ದಾರೆ ಅನ್ನುವುದೇ ಹೆಮ್ಮೆ. ಅವರ ಭಾಷಣಗಳನ್ನು ಪೆನ್ ಡ್ರೈವ್‌ಗೆ ಹಾಕಿ, ಜೊತೆಗೆ ಕನ್ನಡದಲ್ಲಿ ಟಿಪ್ಪಣಿ ಬರೆದು ಹಂಚಿದ್ದೆ. ಇಪ್ಪತ್ಮೂರು ಪೆನ್ ಡ್ರೈವ್, ಸ್ವಂತ ದುಡ್ಡು. 2020ರ ಮೇ ತಿಂಗಳಲ್ಲಿ ಅವರು ತೀರಿಕೊಂಡಾಗ, ಲಾಕ್‌ಡೌನ್ ನಡುವೆ ಎಲ್ಲರನ್ನೂ ಫೋನಿನಲ್ಲೇ ಸೇರಿಸಿ ಪ್ರಾರ್ಥನೆ ಮಾಡಿಸಿದೆ.

2021ರ ಫೆಬ್ರವರಿಯಲ್ಲಿ ಅವರ ಸಂಸ್ಥೆಯೇ ನೇಮಿಸಿದ್ದ ವಕೀಲರ ವರದಿ ಹೊರಗೆ ಬಂತು. ಮಸಾಜ್ ಕೆಲಸದ ಹೆಂಗಸರ ಮೇಲೆ ವರ್ಷಗಟ್ಟಲೆ ಲೈಂಗಿಕ ದೌರ್ಜನ್ಯ. ಎರಡು ದಿನ ನಾನು ಯಾರ ಫೋನೂ ಎತ್ತಲಿಲ್ಲ. ಭಾನುವಾರ ನಮ್ಮ ಗುಂಪಿನ ಹುಡುಗಿಯೊಬ್ಬಳು, ಆಗಿನ್ನೂ ಪಿಯುಸಿ, ಬಂದು ಕೇಳಿದಳು: "ಅಣ್ಣಾ, ಆ ಪೆನ್ ಡ್ರೈವ್ ವಾಪಸ್ ಕೊಡಬೇಕಾ, ಇಲ್ಲ ಅಳಿಸಿ ಪಿಕ್ಚರ್ ಹಾಕ್ಕೋಬಹುದಾ?"

ಜೋರಾಗಿ ನಕ್ಕೆ. ಮನೆಗೆ ಹೋಗುವಾಗ 2017 ನೆನಪಾಯಿತು. ರವಿ ಜಕರಾಯಸ್ ತನ್ನ ಜೊತೆ ತಪ್ಪಾಗಿ ನಡೆದುಕೊಂಡರು ಅಂತ ಕೆನಡಾದ ಒಬ್ಬ ಮಹಿಳೆ ದೂರಿದ್ದು ಆ ವರ್ಷವೇ ಸುದ್ದಿಯಾಗಿತ್ತು. ಇವರು ಆ ಮಹಿಳೆಯ ಮೇಲೇ ಕೇಸು ಹಾಕಿದ್ದರು. "ಇದೇನಣ್ಣ?" ಅಂತ ನಮ್ಮ ಹುಡುಗನೊಬ್ಬ ಮೀಟಿಂಗಿನಲ್ಲೇ ಕೇಳಿದ. "ದೇವರ ಸೇವಕರ ಮೇಲೆ ಸೈತಾನ ಹೀಗೇ ಬರ್ತಾನೆ, ಇದೆಲ್ಲ ದುಡ್ಡಿಗೋಸ್ಕರ" ಅಂದು ಬಾಯಿ ಮುಚ್ಚಿಸಿದೆ. ನಾನೇ. ಆಮೇಲೆ ಅವನು ಚರ್ಚಿಗೆ ಬರುವುದು ಕಮ್ಮಿಯಾಯಿತು. ಅದಕ್ಕೇ ಅಂತಲ್ಲ, ಅವನಿಗೆ ಬೆಂಗಳೂರಲ್ಲಿ ಕೆಲಸ ಸಿಕ್ಕಿತ್ತು. ಹಾಗಂತ ನನಗೆ ನಾನೇ ಹೇಳಿಕೊಳ್ಳುತ್ತೇನೆ.

"ಸತ್ತವರನ್ನ ಆರಿಸ್ಕೊಳ್ಳಪ್ಪ, ಅವರು ಇನ್ನು ಬೀಳಲ್ಲ" ಅಂದರು ಸಭೆಯ ಹಿರಿಯರೊಬ್ಬರು. ಅಂಕಲ್, ಸತ್ತ ಮೇಲೂ ಬೀಳುತ್ತಾರೆ. ಬುದ್ಧಿಮಾಂದ್ಯರ ಜೊತೆ ಒಂದೇ ಮನೆಯಲ್ಲಿ ಬದುಕುವ ಸಮುದಾಯಗಳನ್ನು ಕಟ್ಟಿದ ಜಾನ್ ವಾನಿಯೆ 2019ರಲ್ಲಿ ತೀರಿಕೊಂಡರು, ಎಲ್ಲರೂ ಸಂತ ಅಂದರು. ಮರುವರ್ಷ ಅವರ ಸಂಸ್ಥೆಯೇ ತನಿಖೆ ಮಾಡಿಸಿ, ಆತ್ಮಿಕ ಸಲಹೆ ಕೇಳಿ ಬಂದ ಆರು ಹೆಂಗಸರನ್ನು ಅವರು ದುರುಪಯೋಗ ಮಾಡಿಕೊಂಡಿದ್ದರು ಅಂತ ಹೇಳಿತು. 1970ರಲ್ಲಿ ಬೆಂಗಳೂರಲ್ಲಿ ಶುರುವಾದ ಆಶಾನಿಕೇತನವೂ ಅದೇ ಸಮುದಾಯಗಳ ಸಾಲಿನ ಮನೆ. ಅಲ್ಲಿ ಬಾಳಿದವರು ಇವರ ಪಾಪಕ್ಕೆ ಯಾಕೆ ತಲೆ ತಗ್ಗಿಸಬೇಕು ಹೇಳಿ.

ಈಗ ಯಾರಾದರೂ ಜಾಸ್ತಿ ಪೀಡಿಸಿದರೆ, ಹೆಣ್ಣುಮಕ್ಕಳ ಓದಿಗೆ, ವಿಧವೆಯರಿಗೆ ದುಡಿದ ಪಂಡಿತಾ ರಮಾಬಾಯಿ ಅನ್ನುತ್ತೇನೆ. "ಅವರು ಮರಾಠಿಯವರಲ್ವಾ?" ಅಂತಾರೆ. 1858ರಲ್ಲಿ ಹುಟ್ಟಿದ್ದು ನಮ್ಮ ಗಂಗಾಮೂಲದ ಕಾಡಿನಲ್ಲಿ ಸ್ವಾಮಿ! 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ತಗೊಂಡರು, ಹಾಗಂತ ಸುಮ್ನೆ ತಲೆ ಆಡಿಸಲಿಲ್ಲ. ಅಲ್ಲಿ ತಮ್ಮನ್ನು ಮಗಳಂತೆ ನೋಡಿಕೊಂಡ ಕ್ರೈಸ್ತ ಸನ್ಯಾಸಿನಿಗೇ ಪತ್ರದ ಮೇಲೆ ಪತ್ರ ಬರೆದು ವಾದ ಮಾಡಿದರು. ಶಿಲುಬೆಯ ಮೇಲೆ ಲ್ಯಾಟಿನ್ ಯಾಕೆ, ಸಂಸ್ಕೃತ ಯಾಕಾಗಬಾರದು ಅನ್ನುವುದೂ ಆ ವಾದಗಳಲ್ಲಿ ಒಂದು. ಇದನ್ನೆಲ್ಲ ಹೇಳಿದ್ದಕ್ಕೆ ಒಬ್ಬ ತಾಯಿ ಗಾಬರಿಯಾಗಿ, "ಬೇಡ ಬ್ರದರ್, ಮಕ್ಕಳು ಎದುರುತ್ತರ ಕೊಡೋದು ಕಲೀತಾರೆ" ಅಂದರು.

ಕಲೀಲಿ ಅಮ್ಮಾ. 2017ರಲ್ಲಿ ನಮ್ಮ ಹುಡುಗ ಇನ್ನೂ ಸ್ವಲ್ಪ ಎದುರುತ್ತರ ಕೊಟ್ಟಿದ್ದರೆ ಚೆನ್ನಾಗಿತ್ತು.

ನೀವು ಕೇಳಬೇಕಾದದ್ದು ಬೇರೆ. ಆ ದೊಡ್ಡ ಮನುಷ್ಯನ ಎದುರು ನಿಂತು "ಇದು ತಪ್ಪು" ಅನ್ನೋಕೆ ಯಾರಿಗಾದರೂ ಆಗುತ್ತಾ? ಅಂದವರು ಆಮೇಲೆ ಅಲ್ಲೇ ಉಳಿದರಾ? ಬೈಬಲಿನಲ್ಲೇ ನೋಡಿ: ಅಂತಿಯೋಕ್ಯ ಪಟ್ಟಣದಲ್ಲಿ ಯೇಸುವಿನ ಶಿಷ್ಯ ಪೇತ್ರ ಅನ್ಯಜನರ, ಅಂದರೆ ಯೆಹೂದ್ಯರಲ್ಲದವರ, ಜೊತೆ ಕೂತು ಊಟ ಮಾಡುತ್ತಿದ್ದ, ಅದನ್ನು ಒಪ್ಪದ ಯೆಹೂದ್ಯರು ಯಾಕೋಬನ ಕಡೆಯಿಂದ ಬಂದ ಕೂಡಲೇ ಮೆಲ್ಲಗೆ ಜಾರಿಕೊಂಡ. ಪೌಲ ಎಲ್ಲರ ಮುಂದೆ ಬೈದ. ಪೇತ್ರನಿಗೇ! ಅದನ್ನು ಯಾರೂ ಮುಚ್ಚಿಡಲಿಲ್ಲ, ಗಲಾತ್ಯದವರಿಗೆ ಬರೆದ ಪತ್ರಿಕೆಯ ಎರಡನೇ ಅಧ್ಯಾಯದಲ್ಲಿ ಇವತ್ತಿಗೂ ಇದೆ.

ನಮ್ಮ ಚರ್ಚಿನ ಖಜಾಂಚಿ ಒಬ್ಬರು ರಿಟೈರ್ಡ್ ಟೀಚರ್. ಯೂತ್ ಕ್ಯಾಂಪಿನ ಲೆಕ್ಕ ಕೊಟ್ಟಾಗ ಇಡೀ ಕಮಿಟಿ ಎದುರು "340 ರೂಪಾಯಿ ಚಹಾದ ರಸೀದಿ ಎಲ್ಲಿ?" ಅಂದರು. ಒಂದು ತಿಂಗಳು ನಾನು ಅವರ ಮುಖ ನೋಡಲಿಲ್ಲ. ಆಮೇಲೊಂದು ಭಾನುವಾರ, ಪ್ರಕಟಣೆ ಮುಗಿದ ಮೇಲೆ ಅವರೇ ಎದ್ದು ನಿಂತು, "ಹೋದ ವಾರದ ಕಾಣಿಕೆ ಲೆಕ್ಕದಲ್ಲಿ 500 ನಾನು ತಪ್ಪು ಬರೆದಿದ್ದೆ" ಅಂತ ಹೇಳಿ, ಕನ್ನಡಕ ಸರಿ ಮಾಡಿಕೊಂಡು ಕೂತರು. ಅವರ ಹೆಸರು ಬರೆಯಲ್ಲ. ಬರೆದರೆ ಬೈಯುತ್ತಾರೆ, ಮತ್ತೆ ಆ ರಸೀದಿ ನಾನಿನ್ನೂ ಕೊಟ್ಟಿಲ್ಲ.